ವಿವಿಟಿ ಎಂಜಿನ್‌ಗೆ ಇಸಿಯು ಆರಿಸುವುದು ಹೇಗೆ?

‘ಈ ಇಸಿಯು ವಿವಿಟಿ ಸಪೋರ್ಟ್ ಮಾಡುತ್ತಾ?’ ಗಾಡಿಗೆ ಬೇರೆ ಎಂಜಿನ್ ಕೂರಿಸುವವರು, ಟರ್ಬೊ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ‘ಮಾಡುತ್ತೆ’ ಅನ್ನುವ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಅದನ್ನು ನಂಬಿ ತಂದ ಪೆಟ್ಟಿಗೆ ನಿಮ್ಮ ಎಂಜಿನ್‌ನ ಕ್ಯಾಮನ್ನು, ಅಂದರೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟನ್ನು, ಬೇಕಾದ ಕಡೆ ಹಿಡಿದು ನಿಲ್ಲಿಸುತ್ತದಾ ಅನ್ನುವುದು ಬೇರೆ ವಿಷಯ. ಕ್ಯಾಮನ್ನು ತಿರುಗಿಸುವುದು ಕಷ್ಟವಲ್ಲ, ಒಂದು ವೈರ್ ಸಾಕು. ಅದು ಈ ಕ್ಷಣ ಎಲ್ಲಿದೆ ಅಂತ ಓದುವುದೇ ಕಷ್ಟದ ಕೆಲಸ. ಇಸಿಯು ಆರಿಸುವಾಗ ನೋಡಬೇಕಾದದ್ದು ಆ ಓದುವ ಶಕ್ತಿಯನ್ನು.

ಮೊದಲು ಎರಡು ಮಾತಿನಲ್ಲಿ ಮೂಲ ವಿಷಯ. ಇಸಿಯು ಅಂದರೆ ಪೆಟ್ರೋಲ್ ಎಷ್ಟು ಸಿಂಪಡಿಸಬೇಕು, ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ತೀರ್ಮಾನಿಸುವ ಎಂಜಿನ್ ಕಂಪ್ಯೂಟರ್. ವಿವಿಟಿ ಅಂದರೆ ಎಂಜಿನ್ ಓಡುತ್ತಿರುವಾಗಲೇ ವಾಲ್ವ್ ತೆರೆಯುವ, ಮುಚ್ಚುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ. ಕಡಿಮೆ ಆರ್‌ಪಿಎಂನಲ್ಲಿ ಇನ್‌ಟೇಕ್ ವಾಲ್ವ್ ಬೇಗ ಮುಚ್ಚಬೇಕು, ಇಲ್ಲದಿದ್ದರೆ ಒಳಗೆ ಬಂದ ಗಾಳಿಯನ್ನು ಪಿಸ್ಟನ್ ವಾಪಸ್ ತಳ್ಳುತ್ತದೆ. ಜಾಸ್ತಿ ಆರ್‌ಪಿಎಂನಲ್ಲಿ ಗಾಳಿ ರಭಸವಾಗಿ ಬರುತ್ತಿರುತ್ತದೆ, ಪಿಸ್ಟನ್ ಮೇಲೇರಲು ಶುರುಮಾಡಿದರೂ ಒಳಗೆ ನುಗ್ಗುತ್ತಲೇ ಇರುತ್ತದೆ. ಆಗ ತಡವಾಗಿ ಮುಚ್ಚಿದರೆ ಲಾಭ. ವಿವಿಟಿ ಇದ್ದರೆ ಎರಡೂ ಸಿಗುತ್ತದೆ.

ಕೆಲಸಕ್ಕೆ ಕೂರುವ ಮುಂಚೆ ಇಷ್ಟು ಕೈಯಲ್ಲಿರಲಿ: ನಿಮ್ಮದೇ ಎಂಜಿನ್ ಕೋಡ್‌ನ ವೈರಿಂಗ್ ಡಯಾಗ್ರಾಮ್, ಒಂದು ಮಲ್ಟಿಮೀಟರ್, ಒಂದು ಹಾಳೆ, ಪೆನ್ನು. ಇಸಿಯು ಕಂಪನಿಗಳ ಜಾಹೀರಾತು ಈಗಲೇ ತೆರೆಯಬೇಡಿ.

1. ನಿಮ್ಮದು ಯಾವ ಬಗೆಯ ವಿವಿಟಿ ಅಂತ ಗುರುತಿಸಿ

ವಿವಿಟಿ ಅನ್ನುವ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವ್ಯವಸ್ಥೆಗಳಿವೆ.

ಮೊದಲನೆಯದು ಲೋಬ್ ಬದಲಾಯಿಸುವುದು. ಲೋಬ್ ಅಂದರೆ ಕ್ಯಾಮ್‌ಶಾಫ್ಟ್ ಮೇಲಿನ ಮೊಟ್ಟೆಯಾಕಾರದ ಉಬ್ಬು. 1989ರಲ್ಲಿ ಹೊಂಡಾ ಇಂಟೆಗ್ರಾದಲ್ಲಿ ಬಂದ ವಿಟೆಕ್ ಈ ಬಗೆಯದು. ಒಂದು ಆರ್‌ಪಿಎಂ ದಾಟಿದ ಮೇಲೆ ದೊಡ್ಡ ಲೋಬ್ ಕೆಲಸಕ್ಕೆ ಬರುತ್ತದೆ, ಅಷ್ಟೇ.

ಎರಡನೆಯದು ಆನ್-ಆಫ್ ಫೇಸಿಂಗ್. ಫೇಸಿಂಗ್ ಅಂದರೆ ಕ್ಯಾಮನ್ನು ಹಿಂದೆ ಮುಂದೆ ಸರಿಸುವುದು. ಕ್ಯಾಮ್ ಪೂರ್ತಿಯಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತದೆ, ನಡುವೆ ನಿಲ್ಲುವುದಿಲ್ಲ. ಟೊಯೋಟಾದ 20 ವಾಲ್ವ್ 4ಎ-ಜಿಇ, ನಿಸಾನ್ ಎಸ್‌14ರ ಎಸ್‌ಆರ್20, ಬಿಎಂಡಬ್ಲ್ಯುವಿನ 1992ರ ಸಿಂಗಲ್ ವ್ಯಾನೋಸ್ ಎಲ್ಲ ಹೀಗೇ.

ಮೂರನೆಯದು ನಿರಂತರ ಫೇಸಿಂಗ್. ಟೊಯೋಟಾ ವಿವಿಟಿ-ಐ, ಸುಬಾರು ಎವಿಸಿಎಸ್, ಹೊಂಡಾ ಕೆ ಸರಣಿಯ ವಿಟಿಸಿ, ಎಂ52ಟಿಯು ಎಂಜಿನ್‌ನಿಂದಾಚೆಗಿನ ಬಿಎಂಡಬ್ಲ್ಯು ಡಬಲ್ ವ್ಯಾನೋಸ್. ಇಲ್ಲಿ ಕ್ಯಾಮ್ ತುದಿಯ ಗಾಲಿಯೊಳಗೆ ಎಣ್ಣೆಯ ಒತ್ತಡದಿಂದ ಆಚೀಚೆ ಸರಿಯುವ ಭಾಗ ಇರುತ್ತದೆ. ಇದಕ್ಕೆ ಫೇಸರ್ ಅಂತ ಹೆಸರು. ಫೇಸರ್‌ಗೆ ಎಣ್ಣೆ ಯಾವ ಕಡೆಯಿಂದ ಹೋಗಬೇಕು ಅಂತ ನಿರ್ಧರಿಸುವುದು ಒಸಿವಿ, ಅಂದರೆ ಕರೆಂಟಿನಿಂದ ನಡೆಯುವ ಎಣ್ಣೆಯ ವಾಲ್ವ್. ಕ್ಯಾಮ್ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಆದರೆ ತಾನಾಗಿ ನಿಲ್ಲುವುದಿಲ್ಲ, ಇಸಿಯು ಸದಾ ಹಿಡಿದಿರಬೇಕು.

ನಾಲ್ಕನೆಯದು ಮೋಟಾರ್‌ನಿಂದ ನಡೆಯುವ ಬಗೆ. ಬಿಎಂಡಬ್ಲ್ಯು ವಾಲ್ವ್‌ಟ್ರಾನಿಕ್ ವಾಲ್ವ್ ಎಷ್ಟು ಎತ್ತರ ಏಳಬೇಕು ಅನ್ನುವುದನ್ನೇ ಎಲೆಕ್ಟ್ರಿಕ್ ಮೋಟಾರ್‌ನಿಂದ ಬದಲಿಸುತ್ತದೆ. ಸಾಮಾನ್ಯ ಬದಲಿ ಇಸಿಯುಗಳಿಂದ ಇದು ಆಗದ ಕೆಲಸ ಅಂತಲೇ ಇಟ್ಟುಕೊಳ್ಳಿ.

ಒಂದೇ ಎಂಜಿನ್‌ನಲ್ಲಿ ಎರಡು ಬಗೆ ಸೇರಿರಬಹುದು. ಟೊಯೋಟಾ 2ಝಡ್‌ಝಡ್-ಜಿಇ ಮತ್ತು ಹೊಂಡಾ ಕೆ20ಎ ಎರಡರಲ್ಲೂ ನಿರಂತರ ಫೇಸಿಂಗ್ ಜೊತೆಗೆ ಲೋಬ್ ಬದಲಾವಣೆಯೂ ಇದೆ. ಹಾಳೆಯಲ್ಲಿ ಎರಡನ್ನೂ ಬರೆದುಕೊಳ್ಳಿ.

ನಿಮ್ಮದು ಬರೀ ಒಂದನೇ ಅಥವಾ ಎರಡನೇ ಬಗೆಯಾದರೆ ಕೆಲಸ ಹಗುರ. ವಿವಿಟಿ ಮಟ್ಟಿಗೆ ಆರ್‌ಪಿಎಂ ಮತ್ತು ಲೋಡ್ (ಎಂಜಿನ್ ಮೇಲಿನ ಹೊರೆ) ನೋಡಿ ಒಂದು ಔಟ್‌ಪುಟ್ ಆನ್ ಮಾಡುವ ಯಾವ ಇಸಿಯು ಆದರೂ ಸಾಕು. 4ನೇ ಹಂತದಲ್ಲಿ ಟ್ರಿಗ್ಗರ್ ಪ್ಯಾಟರ್ನ್, ಸೆನ್ಸರ್ ಬಗೆ ಇವೆರಡನ್ನು ಮಾತ್ರ ನೋಡಿಕೊಂಡು ನೀವು 5ನೇ ಹಂತಕ್ಕೆ ಹೋಗಬಹುದು. ಮೂರನೇ ಬಗೆಯವರು ಒಂದೂ ಬಿಡದೆ ಓದಿ.

2. ಖರೀದಿಗೆ ಮುಂಚೆ ಫೇಸರ್ ಜೀವಂತವಾಗಿದೆಯಾ ನೋಡಿ

ಎಂಜಿನ್ ಈಗ ಓಡುವ ಸ್ಥಿತಿಯಲ್ಲಿದ್ದರೆ ಇದನ್ನು ಮಾಡಲೇಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡಲು ಬಿಟ್ಟು, ಇನ್‌ಟೇಕ್ ಕಡೆಯ ಒಸಿವಿಯ ಕನೆಕ್ಟರ್ ಬಿಚ್ಚಿ. ಫ್ಯೂಸ್ ಹಾಕಿದ ವೈರ್‌ನಲ್ಲಿ ಬ್ಯಾಟರಿಯ 12 ವೋಲ್ಟನ್ನು ಒಸಿವಿಗೆ ಎರಡು ಮೂರು ಸೆಕೆಂಡ್ ಮಾತ್ರ ಕೊಡಿ. ಟಕ್ ಅನ್ನುತ್ತದೆ. ಅದರ ಹಿಂದೆಯೇ ಐಡಲ್ ಕುಂಟಬೇಕು, ಎಂಜಿನ್ ನಡುಗಬೇಕು, ಕೆಲವೊಮ್ಮೆ ಆಫ್ ಕೂಡ ಆಗುತ್ತದೆ. ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ. ಇನ್‌ಟೇಕ್ ಕ್ಯಾಮ್ ಮುಂದೆ ಸರಿದು ಓವರ್‌ಲ್ಯಾಪ್ ಹೆಚ್ಚಾಗಿದೆ ಅಂತ ಅರ್ಥ. ಓವರ್‌ಲ್ಯಾಪ್ ಅಂದರೆ ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು. ಐಡಲ್‌ನಲ್ಲಿ ಅದು ಹೆಚ್ಚಾದರೆ ಸುಟ್ಟ ಹೊಗೆ ಇನ್‌ಟೇಕ್ ಕಡೆ ವಾಪಸ್ ಬರುತ್ತದೆ.

ಟಕ್ ಅಂದರೂ ಐಡಲ್ ಅಲುಗದಿದ್ದರೆ ಒಸಿವಿ ಬಿಚ್ಚಿ. ಅದರ ಮೈಗೆ, ಇಲ್ಲವೇ ಎಣ್ಣೆ ಬರುವ ದಾರಿಯಲ್ಲಿ, ಕೂದಲಿನಷ್ಟು ಸಣ್ಣ ಕಣ್ಣಿನ ಜಾಲರಿ ಇರುತ್ತದೆ. ಎಣ್ಣೆ ಹೊತ್ತಿಗೆ ಬದಲಾಗದ ಎಂಜಿನ್‌ಗಳಲ್ಲಿ ಆ ಕಣ್ಣುಗಳ ತುಂಬ ಕಪ್ಪು ಜಿಡ್ಡು ಮೆತ್ತಿಕೊಂಡಿರುತ್ತದೆ. ಎಷ್ಟು ದೊಡ್ಡ ಇಸಿಯು ತಂದರೂ ಆ ಜಿಡ್ಡು ಬಿಡುವುದಿಲ್ಲ. ಮಲ್ಟಿಮೀಟರ್‌ನಲ್ಲಿ ಒಸಿವಿಯ ರೆಸಿಸ್ಟೆನ್ಸ್ ಅಳೆದು ಹಾಳೆಯಲ್ಲಿ ಬರೆಯಿರಿ. ಟೊಯೋಟಾದವು ಸುಮಾರು 7 ಓಮ್ ತೋರಿಸುತ್ತವೆ. ಈ ಅಂಕಿ ಮುಂದೆ ಬೇಕಾಗುತ್ತದೆ.

3. ಮೂಲ ಇಸಿಯು ಉಳಿಸಿಕೊಳ್ಳಲು ಆಗುತ್ತದಾ?

ಈ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಎಂಜಿನ್ ಹೆಚ್ಚುಕಡಿಮೆ ಮೂಲ ರೂಪದಲ್ಲೇ ಇದ್ದರೆ, ಅದರ ಫೇಸರ್‌ಗಳನ್ನು ಮೂಲ ಇಸಿಯುಗಿಂತ ಚೆನ್ನಾಗಿ ಹಿಡಿಯುವ ಬೇರೆ ಪೆಟ್ಟಿಗೆ ಸಿಗುವುದು ಕಷ್ಟ. ಅದರೊಳಗೆ ಎಣ್ಣೆಯ ಬಿಸಿ, ಬ್ಯಾಟರಿ ವೋಲ್ಟೇಜ್ ಎಲ್ಲದರ ಲೆಕ್ಕವನ್ನೂ ತಯಾರಕರು ತುಂಬಿಟ್ಟಿರುತ್ತಾರೆ. ಹೊಂಡಾ ಕೆ20ಗೆ ಹೊಂಡಾಟಾದ ಕೆ-ಪ್ರೊ ಇದೆ, ಅದು ಮೂಲ ಇಸಿಯುವಿನ ಮೇಲೆಯೇ ಕೂರುತ್ತದೆ. ಇನ್ನು ಹಲವು ಎಂಜಿನ್‌ಗಳ ಮೂಲ ಇಸಿಯುವನ್ನು ರೀಫ್ಲ್ಯಾಶ್ ಮಾಡಬಹುದು, ಅಂದರೆ ಪೆಟ್ಟಿಗೆ ಅದೇ, ಒಳಗಿನ ಟೇಬಲ್‌ಗಳು ಹೊಸವು. ನಿಮ್ಮ ಎಂಜಿನ್‌ಗೆ ಅಂಥ ದಾರಿ ಇದ್ದರೆ ಮೊದಲು ಅದನ್ನೇ ನೋಡಿ.

ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಬೀಗ), ಗೇರ್‌ಬಾಕ್ಸ್ ಕಂಪ್ಯೂಟರ್ ಇವೆಲ್ಲ ಜೊತೆಗಿಲ್ಲ ಅಂತ ಮೂಲ ಇಸಿಯು ಕೆಲಸ ಮಾಡಲು ಒಪ್ಪದಿದ್ದರೆ, ಅಥವಾ ಟರ್ಬೊ, ದೊಡ್ಡ ಕ್ಯಾಮ್ ಬಂದು ಎಲ್ಲ ಲೆಕ್ಕ ತಪ್ಪಿದ್ದರೆ, ಆಗ ಮೂಲದ್ದರ ಬದಲಿಗೆ ಕೂರುವ ಸ್ವತಂತ್ರ ಇಸಿಯು ಬೇಕು.

4. ಸೆನ್ಸರ್‌ಗಳನ್ನು, ಹಲ್ಲುಗಳನ್ನು ಎಣಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನವಾಗಿ ಮಾಡಿ.

ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಅದರ ಮೇಲೆ ಹಲ್ಲಿನ ಗಾಲಿ ಇರುತ್ತದೆ, ಪಕ್ಕದಲ್ಲಿ ಸೆನ್ಸರ್. ಒಂದೊಂದು ಹಲ್ಲು ಹಾದುಹೋದಾಗಲೂ ಒಂದು ಮಿಡಿತ. ಆ ಮಿಡಿತಗಳ ನಮೂನೆಗೆ ಟ್ರಿಗ್ಗರ್ ಪ್ಯಾಟರ್ನ್ ಅನ್ನುತ್ತಾರೆ. ಬಿಎಂಡಬ್ಲ್ಯು ಎಂ54ನಲ್ಲಿ 60-2, ಅಂದರೆ 60 ಹಲ್ಲಿನ ಜಾಗದಲ್ಲಿ ಎರಡು ಇಲ್ಲ. ಟೊಯೋಟಾ 2ಜೆಝಡ್ ವಿವಿಟಿ-ಐನಲ್ಲಿ 36-2. ಹೊಂಡಾ ಕೆ20ಯಲ್ಲಿ 12 ಹಲ್ಲು, ಜೊತೆಗೆ ಹೆಚ್ಚುವರಿ ಒಂದು. ಎವಿಸಿಎಸ್ ಇರುವ ಹಲವು ಸುಬಾರು ಇಜೆ ಎಂಜಿನ್‌ಗಳಲ್ಲಿ 36-2-2-2. ಇಸಿಯು ಈ ನಮೂನೆಯನ್ನು ಹೆಸರಿಟ್ಟು ಬೆಂಬಲಿಸಬೇಕು. ‘ಹೆಚ್ಚುಕಡಿಮೆ ಅದೇ ಥರ’ ಅಂದರೆ ಸಾಲದು.

ಇಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ವಿವಿಟಿಗೆ ಇನ್ನೊಂದು ಬೇಕು. ಫೇಸರ್ ಇರುವ ಪ್ರತಿ ಕ್ಯಾಮ್‌ಗೂ ಅದರದೇ ಸೆನ್ಸರ್, ಇಸಿಯುವಿನಲ್ಲಿ ಅದಕ್ಕೊಂದು ಇನ್‌ಪುಟ್. ಕ್ರ್ಯಾಂಕ್ ಮಿಡಿತಕ್ಕೂ ಆ ಕ್ಯಾಮ್ ಮಿಡಿತಕ್ಕೂ ಇರುವ ಅಂತರವೇ ಕ್ಯಾಮ್ ಕೋನ. ಇನ್‌ಟೇಕ್‌ನಲ್ಲಿ ಮಾತ್ರ ಫೇಸರ್ ಇರುವ ನಾಲ್ಕು ಸಿಲಿಂಡರ್‌ಗೆ ಒಂದು ಸಾಕು. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬದಲಾಗುವ ವಿ6ಗೆ ನಾಲ್ಕು ಕ್ಯಾಮ್ ಇನ್‌ಪುಟ್, ನಾಲ್ಕು ಒಸಿವಿ ಔಟ್‌ಪುಟ್ ಬೇಕು. ಇಲ್ಲಿ ತುಂಬ ಜನ ಎಡವುತ್ತಾರೆ. ಔಟ್‌ಪುಟ್ ಎಣಿಸುತ್ತಾರೆ, ಇನ್‌ಪುಟ್ ಎಣಿಸುವುದಿಲ್ಲ.

ಕ್ಯಾಮ್ ಮೇಲೆ ಎಷ್ಟು ಹಲ್ಲಿದೆ ಅನ್ನುವುದೂ ಮುಖ್ಯ. ಒಂದು ಲೆಕ್ಕ ಮಾಡಿ ನೋಡೋಣ. ಕ್ಯಾಮ್ ಒಂದು ಸುತ್ತು ಹಾಕಲು ಕ್ರ್ಯಾಂಕ್ 720 ಡಿಗ್ರಿ ತಿರುಗಬೇಕು. 750 ಆರ್‌ಪಿಎಂ ಐಡಲ್‌ನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 4500 ಡಿಗ್ರಿ ತಿರುಗುತ್ತದೆ. ಕ್ಯಾಮ್ ಮೇಲೆ ಒಂದೇ ಹಲ್ಲಿದ್ದರೆ ಕೋನದ ಸುದ್ದಿ 160 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. 2ಜೆಝಡ್‌ನಲ್ಲಿ ಇರುವ ಹಾಗೆ ಮೂರು ಹಲ್ಲಿದ್ದರೆ ಸುಮಾರು 53 ಮಿಲಿಸೆಕೆಂಡಿಗೊಮ್ಮೆ. 6000 ಆರ್‌ಪಿಎಂನಲ್ಲಿ ಅದೇ ಮೂರು ಹಲ್ಲು 7 ಮಿಲಿಸೆಕೆಂಡ್‌ಗಿಂತ ಬೇಗ ಸುದ್ದಿ ಕೊಡುತ್ತವೆ. ಹಾಗಾಗಿ ಇಸಿಯು ಮೂರೂ ಹಲ್ಲನ್ನು ಬಳಸುತ್ತದಾ, ಇಲ್ಲ ಒಂದನ್ನು ಮಾತ್ರ ಓದಿ ಉಳಿದದ್ದನ್ನು ಬಿಡುತ್ತದಾ ಅಂತ ಕೇಳಿ. ಸುದ್ದಿ ಹಳೆಯದಾದಷ್ಟೂ ಐಡಲ್ ಹತ್ತಿರ ಕ್ಯಾಮ್ ತೂಗಾಡುತ್ತದೆ.

ಸೆನ್ಸರ್ ಬಗೆಯನ್ನೂ ಬರೆದುಕೊಳ್ಳಿ. ಎರಡು ವೈರ್ ಇದ್ದರೆ ಸಾಮಾನ್ಯವಾಗಿ ವಿಆರ್ ಸೆನ್ಸರ್. ಅದು ಕರೆಂಟ್ ಕೇಳದೆ ತಾನೇ ಅಲೆಯಂಥ ಸಿಗ್ನಲ್ ಹುಟ್ಟಿಸುತ್ತದೆ. ಮೂರು ವೈರ್ ಇದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್. ಅದಕ್ಕೆ ಸಪ್ಲೈ ಬೇಕು, ಸಿಗ್ನಲ್ ವೈರನ್ನು ಸಪ್ಲೈ ಕಡೆ ಎತ್ತಿ ಹಿಡಿಯುವ ಪುಲ್-ಅಪ್ ರೆಸಿಸ್ಟರ್ ಬೇಕು, ಸಿಗ್ನಲ್ ನೇರ ಅಂಚಿನ ಚೌಕ. ವಿಆರ್ ಸೆನ್ಸರನ್ನು ಹಾಲ್‌ಗಷ್ಟೇ ಮಾಡಿದ ಇನ್‌ಪುಟ್‌ಗೆ ಸಿಕ್ಕಿಸಿದರೆ ಕೆಲಸವಾಗದು. ನಾಲ್ಕು ಕ್ಯಾಮ್ ಇನ್‌ಪುಟ್ ಇವೆ ಅಂತ ಹೇಳುವ ಇಸಿಯುವಿನಲ್ಲಿ ಎರಡು ಮಾತ್ರ ವಿಆರ್‌ಗೆ ಸರಿಹೊಂದುವುದೂ ಉಂಟು. ಯಾವ ಪಿನ್ ಯಾವ ಕೆಲಸಕ್ಕೆ ಅಂತ ತೋರಿಸುವ ಪಿನ್‌ಔಟ್ ಹಾಳೆ ತರಿಸಿಕೊಂಡು ಪಿನ್ ಪಿನ್ ನೋಡಿ.

5. ಔಟ್‌ಪುಟ್‌ಗಳು: ಎಷ್ಟು, ಯಾವ ಕಡೆಯಿಂದ, ಎಷ್ಟು ಕರೆಂಟ್

ಒಸಿವಿಯನ್ನು ನಡೆಸುವುದು ಪಿಡಬ್ಲ್ಯುಎಂ ಮೂಲಕ. ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡಿ, ಆನ್ ಇರುವ ಪಾಲನ್ನು ಹೆಚ್ಚುಕಡಿಮೆ ಮಾಡುವುದು. ಆ ಪಾಲಿಗೆ ಡ್ಯೂಟಿ ಅಂತ ಹೆಸರು. 7 ಓಮ್ ಒಸಿವಿಗೆ 14 ವೋಲ್ಟ್ ಕೊಟ್ಟರೆ 2 ಆಂಪ್. ಔಟ್‌ಪುಟ್ ಅದನ್ನು ತಾಳಬೇಕು. ಬರೀ ರಿಲೇ ಓಡಿಸಲು ಮಾಡಿದ ಸಣ್ಣ ಔಟ್‌ಪುಟ್ ಸುಟ್ಟುಹೋಗುತ್ತದೆ.

ಫ್ಲೈಬ್ಯಾಕ್ ಡಯೋಡ್ ಇದೆಯಾ ಕೇಳಿ. ಸುರುಳಿಯ ಕರೆಂಟ್ ಕಡಿದ ಕ್ಷಣ ಅದಕ್ಕೆ ಸುತ್ತಿಬರಲು ದಾರಿ ಕೊಡುವ ಭಾಗ ಅದು. ಖಾಲಿ ಇರುವ ಇಂಜೆಕ್ಟರ್ ಔಟ್‌ಪುಟ್ಟನ್ನು ಒಸಿವಿಗೆ ಬಳಸುವಾಗ ಇದು ಮುಖ್ಯ. ಇಂಜೆಕ್ಟರ್ ಔಟ್‌ಪುಟ್‌ಗಳು ಕರೆಂಟನ್ನು ಥಟ್ಟನೆ ಕಡಿಯಲು ಮಾಡಿದವು. ಒಸಿವಿಗೆ ಬೇಕಾದದ್ದು ಏರಿಳಿತವಿಲ್ಲದ ಸರಾಸರಿ ಕರೆಂಟ್. ಡಯೋಡ್ ಇಲ್ಲದಿದ್ದರೆ ಔಟ್‌ಪುಟ್ ನಡೆಸುವ ಡ್ರೈವರ್ ಚಿಪ್ ಬಿಸಿಯಾಗುತ್ತದೆ, ಕ್ಯಾಮೂ ಹೇಳಿದ ಮಾತು ಕೇಳುವುದಿಲ್ಲ.

ಇನ್ನು ವೈರಿಂಗ್ ದಿಕ್ಕು. ಹೆಚ್ಚಿನ ಬದಲಿ ಇಸಿಯುಗಳು ಗ್ರೌಂಡ್ ಕಡೆಯಿಂದ ಸ್ವಿಚ್ ಮಾಡುತ್ತವೆ. ಆದರೆ ಹೊಂಡಾದ ವಿಟೆಕ್ ಸೊಲೆನಾಯ್ಡ್‌ಗೆ ಒಂದೇ ವೈರ್, ಗ್ರೌಂಡ್ ಅದರ ಮೈಯಿಂದಲೇ ಆಗುತ್ತದೆ. ಅದಕ್ಕೆ 12 ವೋಲ್ಟ್ ಕಡೆಯಿಂದಲೇ ಕೊಡಬೇಕು. ಇಸಿಯುವಿನಲ್ಲಿ ಅಂಥ ಔಟ್‌ಪುಟ್ ಇರಬೇಕು, ಇಲ್ಲದಿದ್ದರೆ ನಡುವೆ ರಿಲೇ ಹಾಕಿ. ಆನ್-ಆಫ್ ಕೆಲಸಕ್ಕೆ ರಿಲೇ ಸಾಕು. ಪಿಡಬ್ಲ್ಯುಎಂಗೆ ರಿಲೇ ಯಾವತ್ತೂ ಬೇಡ, ಆ ವೇಗಕ್ಕೆ ಅದು ತಡೆಯುವುದಿಲ್ಲ.

ಬಿಎಂಡಬ್ಲ್ಯು ಎಸ್50ಬಿ32, ಎಸ್54 ಎಂಜಿನ್ ಇರುವವರಿಗೆ ಬೇರೆಯೇ ಎಚ್ಚರಿಕೆ. ಇವುಗಳ ವ್ಯಾನೋಸ್‌ನಲ್ಲಿ ಒಂದೊಂದು ಕ್ಯಾಮ್‌ಗೂ ಎರಡೆರಡು ಸೊಲೆನಾಯ್ಡ್. ಒಂದು ಮುಂದೆ ತಳ್ಳಲು, ಒಂದು ಹಿಂದೆ ತಳ್ಳಲು. ಅಂದರೆ ಎರಡು ಕ್ಯಾಮ್‌ಗೆ ನಾಲ್ಕು ಔಟ್‌ಪುಟ್. ಜೊತೆಗೆ ಸಾಫ್ಟ್‌ವೇರ್‌ಗೆ ಈ ಜೋಡಿ ವ್ಯವಸ್ಥೆ ಗೊತ್ತಿರಬೇಕು. ‘ಡಬಲ್ ವ್ಯಾನೋಸ್ ಬೆಂಬಲ’ ಅಂತ ಬರೆದದ್ದು ಎಂ52ಟಿಯು, ಎಂ54ಗೆ ಮಾತ್ರ ಆಗಿರಬಹುದು. ಎಂಜಿನ್ ಕೋಡ್ ಹೇಳಿಯೇ ಕೇಳಿ.

6. ಸಾಫ್ಟ್‌ವೇರ್‌ನಲ್ಲಿ ಏನಿರಬೇಕು

ಈಗ ಇಸಿಯುಗಳನ್ನು ನೋಡಲು ಶುರುಮಾಡಿ. ಬಹಳಷ್ಟು ಕಂಪನಿಗಳ ಸಾಫ್ಟ್‌ವೇರನ್ನು ಪೆಟ್ಟಿಗೆ ಕೊಳ್ಳದೆಯೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ವಿವಿಟಿ ಪುಟ ತೆರೆದು ನೋಡಿ. ಜಾಹೀರಾತು ಹೇಳದ್ದೆಲ್ಲ ಅಲ್ಲಿ ಕಾಣುತ್ತದೆ.

ಆರ್‌ಪಿಎಂ ಮತ್ತು ಲೋಡ್ ಮೇಲೆ ಗುರಿ ಕೋನದ ಟೇಬಲ್ ಇರಬೇಕು, ಪ್ರತಿ ಕ್ಯಾಮ್‌ಗೂ ಅಥವಾ ಕನಿಷ್ಠ ಇನ್‌ಟೇಕ್, ಎಕ್ಸಾಸ್ಟ್‌ಗೆ ಬೇರೆ ಬೇರೆ. ಕ್ಲೋಸ್ಡ್ ಲೂಪ್ ಇರಬೇಕು, ಅಂದರೆ ಗುರಿಯನ್ನೂ ನಿಜ ಕೋನವನ್ನೂ ಹೋಲಿಸಿ ತಾನೇ ತಿದ್ದಿಕೊಳ್ಳುವುದು. ‘ವಿವಿಟಿ ಡ್ಯೂಟಿ ಟೇಬಲ್’ ಮಾತ್ರ ಇದ್ದರೆ ಅದು ಓಪನ್ ಲೂಪ್. ನಿರಂತರ ಫೇಸರ್‌ಗೆ ಅದು ಬೇಡವೇ ಬೇಡ. ಎಣ್ಣೆ ಬಿಸಿಯಾದ ಹಾಗೆ ತೆಳುವಾಗುತ್ತದೆ, ಸುರುಳಿ ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಏರುತ್ತದೆ, ಬೆಳಗ್ಗೆ ಸರಿಯಾಗಿದ್ದ ಡ್ಯೂಟಿ ಮಧ್ಯಾಹ್ನಕ್ಕೆ ತಪ್ಪುತ್ತದೆ. ಎಂಜಿನ್ ಬಿಸಿಯಾಗುವವರೆಗೆ ವಿವಿಟಿ ಆಫ್ ಇಡುವ ಮಿತಿ, ಕನಿಷ್ಠ ಆರ್‌ಪಿಎಂ ಮಿತಿ, ಬ್ಯಾಟರಿ ವೋಲ್ಟೇಜ್ ತಿದ್ದುಪಡಿ ಇವೂ ಇರಲಿ. ಗುರಿ ಕೋನ, ನಿಜ ಕೋನ, ಡ್ಯೂಟಿ ಮೂರನ್ನೂ ಲಾಗ್ ಮಾಡಲು, ಅಂದರೆ ಓಡುವಾಗಲೇ ದಾಖಲಿಸಿಡಲು, ಬರದಿದ್ದರೆ ಆ ಇಸಿಯು ಕೈಬಿಡಿ.

ಓಪನ್ ಸೋರ್ಸ್ ಕಡೆ ಒಲವಿದ್ದರೆ ಮೆಗಾಸ್ಕ್ವರ್ಟ್‌ನ ಎಂಎಸ್3 ಮತ್ತು ರುಸ್‌ಇಎಫ್‌ಐ ನಾಲ್ಕು ಕ್ಯಾಮ್‌ವರೆಗೆ ನಿಭಾಯಿಸುತ್ತವೆ. ಮೆಗಾಸ್ಕ್ವರ್ಟ್ ಪೂರ್ತಿ ಓಪನ್ ಸೋರ್ಸ್ ಅಲ್ಲ, ಆದರೆ ಕೈಯಾರೆ ಜೋಡಿಸುವವರು ಇವೆರಡನ್ನೂ ಒಟ್ಟಿಗೇ ನೋಡುತ್ತಾರೆ. ಸ್ಪೀಡುಯಿನೋದಲ್ಲಿ ಆನ್-ಆಫ್ ಸಲೀಸು, ಕ್ಲೋಸ್ಡ್ ಲೂಪ್ ಮಾತ್ರ ಕೆಲವು ಟ್ರಿಗ್ಗರ್ ನಮೂನೆಗಳಿಗೆ ಸೀಮಿತ. ಸಿದ್ಧ ಪೆಟ್ಟಿಗೆ ಬೇಕೆಂದರೆ ಹಾಲ್ಟೆಕ್, ಲಿಂಕ್, ಇಸಿಯುಮಾಸ್ಟರ್, ಮ್ಯಾಕ್ಸ್‌ಇಸಿಯು ಇವೆ. ಒಂದೇ ಕಂಪನಿಯ ಸಣ್ಣ ಮಾಡೆಲ್‌ಗೂ ದೊಡ್ಡ ಮಾಡೆಲ್‌ಗೂ ಕ್ಯಾಮ್ ಸಂಖ್ಯೆಯಲ್ಲಿ ವ್ಯತ್ಯಾಸ ಇರುತ್ತದೆ, ಅದಕ್ಕೇ ನಿಮ್ಮ ಹಾಳೆ. ನನ್ನ ಮಟ್ಟಿಗೆ, ನಿಮ್ಮದೇ ಎಂಜಿನ್‌ನ ಬೇಸ್ ಮ್ಯಾಪ್ (ಶುರುಮಾಡಲು ಸಿದ್ಧವಾಗಿರುವ ಸೆಟ್ಟಿಂಗ್‌ಗಳ ಫೈಲ್) ಸಿಗುವ ಇಸಿಯುಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಟ್ರಿಗ್ಗರ್ ಮತ್ತು ಕ್ಯಾಮ್ ಸೆಟ್ಟಿಂಗ್ ಬೇರೆಯವರು ಓಡಿಸಿ ನೋಡಿರುತ್ತಾರೆ.

7. ಮೊದಲ ಸಲ ಓಡಿಸುವಾಗ

ಒಸಿವಿ ಕನೆಕ್ಟರ್ ಬಿಚ್ಚಿಟ್ಟೇ ಸ್ಟಾರ್ಟ್ ಮಾಡಿ. ಇಗ್ನಿಷನ್ ಟೈಮಿಂಗನ್ನು ಟೈಮಿಂಗ್ ಲೈಟ್‌ನಿಂದ ಹೊಂದಿಸಿ. ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲಿ ಕಾಣುವ ಕ್ಯಾಮ್ ಕೋನವೇ ವಿಶ್ರಾಂತ ಸ್ಥಾನ. ಅದನ್ನು ಸೊನ್ನೆ ಮಾಡಿ. ಆ ಅಂಕಿ ಒಂದು ಡಿಗ್ರಿಗಿಂತ ಜಾಸ್ತಿ ಕುಣಿಯುತ್ತಿದ್ದರೆ ಮುಂದೆ ಹೋಗಬೇಡಿ. ಸೆನ್ಸರ್ ವೈರಿಂಗ್, ಶೀಲ್ಡ್, ಸಿಗ್ನಲ್ ಅಂಚಿನ ಆಯ್ಕೆ ಮೊದಲು ಸರಿಪಡಿಸಿ. ಇನ್‌ಟೇಕ್ ಫೇಸರ್ ಸಾಮಾನ್ಯವಾಗಿ ತೀರ ಹಿಂದೆ, ಎಕ್ಸಾಸ್ಟ್ ಫೇಸರ್ ತೀರ ಮುಂದೆ ವಿಶ್ರಮಿಸುತ್ತದೆ. ಎರಡಕ್ಕೂ ದಿಕ್ಕು ಬೇರೆ ಅನ್ನುವುದು ನೆನಪಿರಲಿ. ದಿಕ್ಕು ಉಲ್ಟಾ ಕೊಟ್ಟರೆ ಇಸಿಯು ತಿದ್ದಲು ಹೋಗಿ ಕ್ಯಾಮನ್ನು ತುದಿಗೆ ತಳ್ಳಿ ಅಲ್ಲೇ ಒತ್ತಿ ಹಿಡಿಯುತ್ತದೆ.

ಆಮೇಲೆ ಕನೆಕ್ಟರ್ ಸಿಕ್ಕಿಸಿ, 2000 ಆರ್‌ಪಿಎಂ ಹತ್ತಿರ ಹಿಡಿದು ಡ್ಯೂಟಿಯನ್ನು ಕೈಯಾರೆ ನಿಧಾನ ಏರಿಸಿ. ಒಂದು ಹಂತದಲ್ಲಿ ಕ್ಯಾಮ್ ಸರಿಯಲು ಶುರುವಾಗುತ್ತದೆ. ನಡುವೆ ಎಲ್ಲೋ ಹೋಗಿ ನಿಲ್ಲುವ ಡ್ಯೂಟಿಯೇ ಹೋಲ್ಡ್ ಡ್ಯೂಟಿ, ಸಾಮಾನ್ಯವಾಗಿ ಶೇಕಡ 50ರ ಆಸುಪಾಸು. ಅದನ್ನು ಮೂಲವಾಗಿಟ್ಟು ಪಿಐಡಿ ಹೊಂದಿಸಿ. ಪಿಐಡಿ ಅಂದರೆ ಗುರಿಯಿಂದ ಎಷ್ಟು ದೂರ ಇದ್ದೇವೆ (ಪಿ), ಎಷ್ಟು ಹೊತ್ತಿನಿಂದ ದೂರ ಇದ್ದೇವೆ (ಐ), ಎಷ್ಟು ವೇಗವಾಗಿ ಹತ್ತಿರ ಬರುತ್ತಿದ್ದೇವೆ (ಡಿ) ಅಂತ ನೋಡಿ ತಿದ್ದುವ ಲೆಕ್ಕ. ಪಿ ಚಿಕ್ಕದರಿಂದ ಶುರುಮಾಡಿ, ಐ ಕೊನೆಗೆ ಸೇರಿಸಿ. ಗುರಿ 20 ಇದ್ದು ಲಾಗ್‌ನಲ್ಲಿ 14, 26, 13, 27 ಅಂತ ಬರುತ್ತಿದ್ದರೆ ಪಿ ಜಾಸ್ತಿಯಾಗಿದೆ. 17ಕ್ಕೆ ಬಂದು ಅಲ್ಲೇ ಕೂತರೆ ಹೋಲ್ಡ್ ಡ್ಯೂಟಿ ತಪ್ಪಿದೆ ಅಥವಾ ಐ ಸಾಲದು.

ಲಾಗ್ ಓದುವಾಗ ಒಂದು ಗೊಂದಲ ಬರುತ್ತದೆ. ಕೆಲವು ಇಸಿಯು ಕ್ಯಾಮ್ ಡಿಗ್ರಿ ತೋರಿಸುತ್ತವೆ, ಕೆಲವು ಕ್ರ್ಯಾಂಕ್ ಡಿಗ್ರಿ. ಕ್ಯಾಮ್‌ನ 25 ಡಿಗ್ರಿ ಅಂದರೆ ಕ್ರ್ಯಾಂಕ್‌ನ 50. ಬೇರೆಯವರ ಟೇಬಲ್ ನಕಲು ಮಾಡುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ.

ದೊಡ್ಡ ಕ್ಯಾಮ್ ಹಾಕಿದ್ದರೆ ಅಥವಾ ಹೆಡ್ ಉಜ್ಜಿಸಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೂಲ ಭಾಗಗಳಲ್ಲಿ ಫೇಸರ್ ತುದಿಯವರೆಗೆ ಹೋದರೂ ವಾಲ್ವ್ ಪಿಸ್ಟನ್‌ಗೆ ತಾಗದ ಹಾಗೆ ತಯಾರಕರು ನೋಡಿಕೊಂಡಿರುತ್ತಾರೆ. ನೀವು ಬದಲಿಸಿದ ಮೇಲೆ ಆ ಭರವಸೆ ಇಲ್ಲ. ಇಸಿಯುವಿನ ಮಿತಿಯನ್ನು ಮಾತ್ರ ನಂಬಬೇಡಿ, ಒಂದು ಸೆನ್ಸರ್ ಕೈಕೊಟ್ಟರೆ ಕ್ಯಾಮ್ ತುದಿಗೆ ಹೋಗಬಹುದು. ಫೇಸರ್ ಒಳಗೇ ಚಲನೆ ತಡೆಯುವ ತುಂಡು ಕೂರಿಸಿ. ಅದು ಆಗದಿದ್ದರೆ ತುದಿಯಲ್ಲಿಟ್ಟು ಎಷ್ಟು ಜಾಗ ಉಳಿದಿದೆ ಅಂತ ಅಳೆಯಿರಿ.

8. ಟೇಬಲ್ ತುಂಬುವುದು

ಡೈನೋ, ಅಂದರೆ ಎಂಜಿನ್‌ನ ಶಕ್ತಿ ಅಳೆಯುವ ಯಂತ್ರ, ಸಿಕ್ಕರೆ ದಾರಿ ಸರಳ. ಇನ್‌ಟೇಕ್ ಕ್ಯಾಮನ್ನು 0 ಡಿಗ್ರಿಗೆ ಕಟ್ಟಿಹಾಕಿ ಫುಲ್ ಥ್ರಾಟಲ್‌ನಲ್ಲಿ ಒಂದು ಓಟ. ಆಮೇಲೆ 10, 20, 30, 40. ಪ್ರತಿ ಓಟದಲ್ಲೂ ಪೆಟ್ರೋಲ್ ಮಿಶ್ರಣ ಸರಿಯಿರಲಿ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಬರುವ ಟಕಟಕ ಸದ್ದು) ಮೇಲೆ ಕಿವಿಯಿರಲಿ. ಐದೂ ಟಾರ್ಕ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಯಾವ ಆರ್‌ಪಿಎಂನಲ್ಲಿ ಯಾವ ಕೋನ ಮೇಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಅದನ್ನೇ ಟೇಬಲ್‌ಗೆ ಬರೆಯಿರಿ. ಅಕ್ಕಪಕ್ಕದ ಚೌಕಗಳ ನಡುವೆ ದೊಡ್ಡ ಜಿಗಿತ ಬೇಡ, ಫೇಸರ್ ಅಷ್ಟು ಬೇಗ ಓಡುವುದಿಲ್ಲ. ಐಡಲ್ ಸುತ್ತ ವಿಶ್ರಾಂತ ಸ್ಥಾನವೇ ಇರಲಿ.

ಟರ್ಬೊ ಇದ್ದರೆ ಎಕ್ಸಾಸ್ಟ್ ಕಡೆಯ ಒತ್ತಡ ಇನ್‌ಟೇಕ್‌ಗಿಂತ ಹೆಚ್ಚಾಗುವ ಜಾಗದಲ್ಲಿ ಓವರ್‌ಲ್ಯಾಪ್ ಕಡಿಮೆ ಮಾಡಿ, ಇಲ್ಲದಿದ್ದರೆ ಹೊಗೆ ವಾಪಸ್ ಸಿಲಿಂಡರ್‌ಗೆ ಬರುತ್ತದೆ. ಬೂಸ್ಟ್ (ಟರ್ಬೊ ಒಳಗೆ ತುಂಬುವ ಗಾಳಿಯ ಒತ್ತಡ) ಏರುತ್ತಿರುವ ಕೆಳಗಿನ ಆರ್‌ಪಿಎಂನಲ್ಲಿ ಅದೇ ಓವರ್‌ಲ್ಯಾಪ್ ಟರ್ಬೊ ಬೇಗ ಏಳಲು ನೆರವಾಗುತ್ತದೆ.

ಕ್ಯಾಮ್ ಟೇಬಲ್ ಮುಗಿದ ಮೇಲೆಯೇ ಪೆಟ್ರೋಲ್ ಮತ್ತು ಇಗ್ನಿಷನ್ ಟೇಬಲ್ ಅಂತಿಮ ಮಾಡಿ. ಕ್ಯಾಮ್ ಕೋನ ಬದಲಾದರೆ ಸಿಲಿಂಡರ್ ತುಂಬುವ ಗಾಳಿ ಬದಲಾಗುತ್ತದೆ, ಪೆಟ್ರೋಲ್ ಲೆಕ್ಕವೂ ಬದಲಾಗುತ್ತದೆ. ಇದೇ ಕಾರಣಕ್ಕೆ ಕ್ಯಾಮ್ ಗುರಿ ತಲುಪದೇ ಹೋದಾಗ ಏನು ಮಾಡಬೇಕು ಅಂತಲೂ ಇಸಿಯುಗೆ ಹೇಳಿಡಿ. ಗುರಿಗೂ ನಿಜ ಕೋನಕ್ಕೂ 10 ಡಿಗ್ರಿಗಿಂತ ಹೆಚ್ಚಿನ ಅಂತರ ಒಂದೆರಡು ಸೆಕೆಂಡ್ ಉಳಿದರೆ ವಿವಿಟಿ ಆಫ್ ಆಗಲಿ, ಬೂಸ್ಟ್ ಇಳಿಯಲಿ, ಆರ್‌ಪಿಎಂ ಮಿತಿ ಕೆಳಗೆ ಬರಲಿ, ಡ್ಯಾಶ್‌ನಲ್ಲಿ ದೀಪ ಹತ್ತಲಿ. ಇದನ್ನು ಪರೀಕ್ಷಿಸಲು ಗಾಡಿ ನಿಲ್ಲಿಸಿ, 2000 ಆರ್‌ಪಿಎಂನಲ್ಲಿ ಕ್ಯಾಮ್ ಮುಂದೆ ಇರುವಾಗ ಒಸಿವಿ ಕನೆಕ್ಟರ್ ಬಿಚ್ಚಿ ನೋಡಿ. ದೀಪ ಹತ್ತಿದ ಮೇಲೆಯೇ ಗಾಡಿ ರಸ್ತೆಗೆ ಹೋಗಲಿ.